ಒಂದು ಪದದ ಉದ್ದ

೧೯೮೬ರ ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಇಂಗ್ಲಿಷ್-ಕನ್ನಡ ನಿಘಂಟು ಕಚೇರಿಯ ಚೀಟಿ ಕೋಣೆಯಲ್ಲಿ ಇನ್ಸ್‌ಪೆಕ್ಟರ್ ಸ್ಟೂಲಿನ ಮೇಲೆ ಹತ್ತಿ ನಿಂತು, ಪದಗಳ ಅರ್ಥ ಬರೆದಿಟ್ಟ ನೂರು ಚೀಟಿಗಳನ್ನು ಒಮ್ಮೆಲೇ ನೆಲಕ್ಕೆ ಚೆಲ್ಲಿದರು.

ಚೀಟಿಗಳು ಗಾಳಿಯಲ್ಲಿ ಹೊರಳಾಡಿಕೊಂಡು ಇಳಿದವು. ಒಂದು ಕಿಟಕಿಯ ಸರಳಿಗೆ ತಾಗಿ ನಿಂತಿತು. ಇನ್ನೊಂದು ಹೆಡ್ ಕಾನ್ಸ್‌ಟೇಬಲ್ಲನ ಟೋಪಿಯ ಮೇಲೆ ಕುಳಿತಿತು.

"ಎಣಿಸಿ," ಎಂದರು ಇನ್ಸ್‌ಪೆಕ್ಟರ್.

ಹೆಡ್ ಕಾನ್ಸ್‌ಟೇಬಲ್ ಮೊಣಕಾಲೂರಿದ. ಠಾಣೆಯಲ್ಲಿ ಅವನಿಗೆ 'ತಕ್ಕಡಿ' ಎಂದು ಅಡ್ಡಹೆಸರು. ಯಾವ ವಿಷಯಕ್ಕೂ ಆ ಕಡೆಗೊಂದು, ಈ ಕಡೆಗೊಂದು ಮಾತು ಹಾಕದೆ ಬಿಡುವವನಲ್ಲ.

"ಬರಹ ಮೇಲಾಗಿ ಬಿದ್ದದ್ದು ಐವತ್ಮೂರು. ಮಕಾಡೆ ಬಿದ್ದದ್ದು ನಲವತ್ತೇಳು. ಮೇಡಂ, ಇದು ಮೂರನೇ ಸಲ. ನನ್ನ ಸೊಂಟ ಬಿದ್ದುಹೋಯ್ತು."

"ಮೂರು ಸಲಾನೂ ಹೆಚ್ಚುಕಮ್ಮಿ ಅರ್ಧಕ್ಕರ್ಧ."

"ಅರ್ಧಕ್ಕರ್ಧ ಅಂತಾನೂ ಹೇಳಬಹುದು. ಪೂರ್ತಿ ಅರ್ಧ ಅಲ್ಲ ಅಂತಾನೂ..."

"ತಕ್ಕಡಿ!"

"ಅರ್ಧಕ್ಕರ್ಧ, ಮೇಡಂ."

ಇನ್ಸ್‌ಪೆಕ್ಟರ್ ಸ್ಟೂಲಿನಿಂದ ಇಳಿದರು. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವರು. ಖಾಕಿ ತೊಟ್ಟ ಮೇಲೂ ಆ ಚಟ ಹೋಗಿರಲಿಲ್ಲ. ನೆಲಕ್ಕೆ ಬಿದ್ದ ವಸ್ತುವನ್ನು ಕಂಡರೆ ಅದನ್ನು ತಾವೇ ಇನ್ನೊಮ್ಮೆ ಬೀಳಿಸಿ ನೋಡುವವರೆಗೆ ಅವರಿಗೆ ಸಮಾಧಾನವಿಲ್ಲ.

ಶುಕ್ರವಾರ ಸಂಜೆ ಇದೇ ಕೋಣೆಯಲ್ಲಿ ಕಚೇರಿಯ ಹಿರಿಯ ಸಂಪಾದಕರು, ಎಲ್ಲರ ಬಾಯಲ್ಲಿ 'ದೊಡ್ಡೋರು', ಏಣಿಯ ಬುಡದಲ್ಲಿ ತಲೆಯೊಡೆದು ಸತ್ತಿದ್ದರು. ಶನಿವಾರ ಬೆಳಿಗ್ಗೆ ಕಸ ಗುಡಿಸುವಾಕೆ ಕಂಡು ಕಿರುಚಿದಾಗ ಹನ್ನೆರಡು ಟ್ರೇಗಳ ಚೀಟಿಗಳು ನೆಲದ ಪಾಲಾಗಿದ್ದವು. ಕಾಣೆಯಾಗಿದ್ದುದು ಮಾತ್ರ ಒಂದೇ ಪದದ ಟ್ರೇ: ಇಂಗ್ಲಿಷಿನ 'ರನ್'.

ಫೋಟೋ ತೆಗೆದು ಚೀಟಿಗಳನ್ನು ಎತ್ತಿಟ್ಟ ಗಳಿಗೆಯಿಂದ ಬಾಗಿಲಿಗೆ ಪೊಲೀಸರ ಅರಗಿನ ಮುದ್ರೆ ಬಿದ್ದಿತ್ತು. ಅದನ್ನು ಇವತ್ತು ಬೆಳಿಗ್ಗೆ ಒಡೆದವರು ಇನ್ಸ್‌ಪೆಕ್ಟರೇ.

"ಈಗ ಶನಿವಾರದ ಫೋಟೋ ನೋಡಿ." ಅವರು ದೊಡ್ಡದು ಮಾಡಿಸಿದ ನಾಲ್ಕು ಚಿತ್ರಗಳನ್ನು ಮೇಜಿನ ಮೇಲೆ ಹರಡಿದರು. ಅವರು ಹೇಳುತ್ತಿದ್ದುದು ತಕ್ಕಡಿಗಲ್ಲ, ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ ಮನುಷ್ಯನಿಗೆ. "ಕಳ್ಳ ಬಂದು ಹನ್ನೆರಡು ಟ್ರೇ ಚೆಲ್ಲಿ ಹೋಗಿದ್ದಾನೆ. ಇದರಲ್ಲಿ ಮಕಾಡೆ ಬಿದ್ದ ಚೀಟಿ ಎಷ್ಟು ಕಾಣ್ತಿದೆ, ಹೇಳಿ."

ಆ ಮನುಷ್ಯ ಫೋಟೋ ನೋಡಲಿಲ್ಲ. ಅವನ ಕಣ್ಣು ನೆಲದ ಮೇಲೆ, ಇದೀಗ ಬಿದ್ದ ಚೀಟಿಗಳ ಮೇಲೆ ಇತ್ತು.

"ನಾನೇ ಹೇಳ್ತೀನಿ. ಒಂದೂ ಇಲ್ಲ. ಇನ್ನೊಂದು ವಿಶೇಷ. ಹನ್ನೆರಡು ಟ್ರೇ, ಹನ್ನೆರಡು ಗುಡ್ಡೆ. ಒಂದರ ಚೀಟಿ ಇನ್ನೊಂದಕ್ಕೆ ಬೆರೆತಿಲ್ಲ. ಎಂಥ ಅಚ್ಚುಕಟ್ಟಿನ ಕಳ್ಳ ಅಲ್ವಾ?"

ಮನುಷ್ಯ ಬಗ್ಗಿದ. ಕಾಲ ಬಳಿ ಬೋರಲಾಗಿ ಬಿದ್ದಿದ್ದ ಒಂದು ಚೀಟಿಯನ್ನು ಎತ್ತಿ, ಬರಹ ಮೇಲಾಗುವಂತೆ ತಿರುಗಿಸಿ, ಮೆಲ್ಲಗೆ ಅದೇ ಜಾಗದಲ್ಲಿಟ್ಟ. ಪಕ್ಕದ ಇನ್ನೊಂದರತ್ತ ಕೈ ಚಾಚಿದ.

ಕೈ ಅರ್ಧದಲ್ಲೇ ನಿಂತಿತು. ಇನ್ಸ್‌ಪೆಕ್ಟರ್ ತನ್ನನ್ನೇ ನೋಡುತ್ತಿದ್ದಾರೆಂದು ಅವನಿಗೆ ತಿಳಿಯಿತು.

"ಯಾಕೆ ನಿಲ್ಲಿಸಿದ್ರಿ?" ಎಂದರು ಅವರು. "ಎಲ್ಲಾನೂ ತಿರುಗಿಸಿ."

ಆ ಮನುಷ್ಯನದು ಈ ಕಚೇರಿಯಲ್ಲಿ ಹತ್ತೊಂಬತ್ತು ವರ್ಷಗಳ ಸೇವೆ. ಇಂಗ್ಲಿಷಿನ ಒಂದೊಂದು ಪದಕ್ಕೂ ಸಮಾನಾರ್ಥಕಗಳನ್ನು ಹುಡುಕಿ ಜೋಡಿಸುವುದು ಅವನ ಕೆಲಸ. ಪದಗಳಿಗೆ ಕನ್ನಡದ ಅರ್ಥ ಬರೆಯುವುದು ಇನ್ನಿಬ್ಬರ ಪಾಲಿಗೆ. 'ರನ್' ಬರೆಯುವುದು ಅವನ ಹೆಂಡತಿಯ ಪಾಲಿಗೆ ಬಂದಿತ್ತು.

ಓಡು ಎಂಬುದು ಆ ಪದದ ಮೊದಲನೆಯ ಅರ್ಥ ಮಾತ್ರ. ನಲ್ಲಿ ಹರಿಯುವುದೂ ರನ್, ಮೂಗು ಸೋರುವುದೂ ರನ್, ಬಟ್ಟೆ ಬಣ್ಣ ಬಿಡುವುದೂ, ಅಂಗಡಿ ನಡೆಸುವುದೂ, ಚುನಾವಣೆಗೆ ನಿಲ್ಲುವುದೂ, ಬ್ಯಾಟು ಹಿಡಿದವನು ಗಳಿಸುವುದೂ ರನ್. ಆಕೆ ಆರು ವರ್ಷಗಳಿಂದ ಅದರ ಬೆನ್ನು ಹತ್ತಿದ್ದಳು. ಕಚೇರಿಯಲ್ಲಿ ಅವಳಿಗೆ ರನ್ನಮ್ಮ ಎಂದೇ ಹೆಸರು ಬಿದ್ದಿತ್ತು.

ಹಾಗಾಗಿ ಅವನು ರನ್ನಮ್ಮನ ಗಂಡ.

"ದೊಡ್ಡೋರು ನಿಮಗೆಲ್ಲ ಮೊದಲ ದಿನ ಕಲಿಸಿದ ನಿಯಮ ಯಾವುದು?" ಇನ್ಸ್‌ಪೆಕ್ಟರ್ ಕುರ್ಚಿ ತೋರಿಸಿದರು. "ಟೈಪಿಸ್ಟ್ ಹೇಳಿದ್ರು. ನಿಮ್ಮ ಬಾಯಿಂದಾನೂ ಕೇಳೋಣ ಅಂತ."

ರನ್ನಮ್ಮನ ಗಂಡ ಕುಳಿತ. "ಬೇಡವಾದ ಚೀಟೀನ ಮಕಾಡೆ ಇಡಬೇಕು. ಸಂಜೆ ಜವಾನ ಬಂದು ಮಕಾಡೆ ಇರೋದನ್ನೆಲ್ಲ ಒಯ್ದು ಹಿತ್ತಲಲ್ಲಿ ಸುಡ್ತಾನೆ. ಒಳ್ಳೆ ಚೀಟಿ ಮಕಾಡೆ ಬಿದ್ರೆ ಅದು ಸತ್ತ ಹಾಗೆ."

"ಅಂದ್ರೆ ನಿಮ್ಮ ಕೈಗೆ ಅದನ್ನ ಮಕಾಡೆ ಬೀಳಿಸೋಕೆ ಬರೋದೇ ಇಲ್ಲ. ಕಳ್ಳನ ವೇಷ ಹಾಕಿದಾಗಲೂ."

"ಮೇಡಂ, ಬರೀ ಇಷ್ಟರ ಮೇಲೆ..."

"ಚೀಟಿ ಬರೆದು ಜೋಡಿಸೋ ಕೈ ಈ ಕಚೇರೀಲಿ ಮೂರೇ. ಒಂದು ದೊಡ್ಡೋರದು. ತಮ್ಮ ಜೀವಮಾನದ ಕೆಲಸಾನ ತಾವೇ ನೆಲಕ್ಕೆ ಸುರಿಯೋ ಮನುಷ್ಯ ಅಲ್ಲ ಅವರು. ಎರಡನೇದು ನಿಮ್ಮ ಹೆಂಡತೀದು. ಮಗಳಿಗೆ ಜ್ವರ ಅಂತ ಆಕೆ ಬುಧವಾರದಿಂದ ರಜಾ, ಮನೇಲೇ ಕೂತು ಚೀಟಿ ಬರೀತಿದ್ರಂತೆ. ಶುಕ್ರವಾರ ಮನೆ ಹೊಸ್ತಿಲು ದಾಟಿಲ್ಲ ಅಂತ ಹೇಳಿಕೆ ಕೊಟ್ಟಿದ್ದಾರೆ, ನೀವೂ ಹೌದು ಅಂದಿದ್ದೀರಿ. ಉಳಿದದ್ದು ನಿಮ್ಮ ಕೈ. ಟ್ರೇ ಚೆಲ್ಲಿದವನನ್ನೇ ಸಾವಿಗೂ ಹೊಣೆ ಮಾಡಿ ಇವತ್ತು ಒಳಗೆ ಹಾಕಿ ಅಂತ ಮೇಲಿನವರ ಫೋನ್ ಬಂದಿದೆ. ಅದಕ್ಕೆ ಮುಂಚೆ ನಿಮ್ಮ ಮಾತು ಕೇಳೋಣ ಅಂತ ಕೂತಿದ್ದೀನಿ."

ಅವನು ಬಾಯಿ ತೆರೆಯುವಷ್ಟರಲ್ಲಿ ಗಾಜಿನ ಅಡ್ಡಗೋಡೆಯ ಬಾಗಿಲು ತಳ್ಳಿಕೊಂಡು ಹೆಂಗಸೊಬ್ಬಳು ಒಳಗೆ ಬಂದಳು. ಬೆರಳ ತುದಿಗೆಲ್ಲ ಹಸಿರು ಶಾಯಿ. ಮೂಗಿನ ಮೇಲೆ ಜಾರಿದ ಕನ್ನಡಕ. ರನ್ನಮ್ಮ. ಕಳೆದುಹೋದ ಪದವನ್ನು ನೆನಪಿನಿಂದಲೇ ಮತ್ತೆ ಬರೆಯುತ್ತೇನೆಂದು ನಿನ್ನೆಯಿಂದ ಪಕ್ಕದ ಕೋಣೆಯಲ್ಲಿ ಕುಳಿತಿದ್ದಳು.

"ರೀ, ಬಸ್ಸು ಒಂದೂರಿಂದ ಇನ್ನೊಂದೂರಿಗೆ 'ರನ್' ಆಗುತ್ತಲ್ಲ, ಅದಕ್ಕೆ ಸಮಾನಾರ್ಥಕ ಏನು ಹಾಕಿದ್ರಿ?"

"ಪ್ಲೈ."

"ಪ್ಲೈ ಯಾರಿಗೆ ಅರ್ಥವಾಗುತ್ತೆ? ಹಳೇ ಬೋರ್ಡಿನಲ್ಲಿ ಬರೆಯೋ ಪದ. ಬಿಟ್ಟುಬಿಡ್ತೀನಿ."

"ಎರಡು ವಾರ ಹುಡುಕಿ ಸಿಕ್ಕಿದ್ದು ಕಣೇ ಅದು."

"ಹುಡುಕಿದ ಮಾತ್ರಕ್ಕೆ ಇಟ್ಕೋಬೇಕು ಅಂತೇನಿದೆ?" ಎಂದು ಅವಳು ನಗುತ್ತಲೇ ಹೇಳಿ, ಇನ್ಸ್‌ಪೆಕ್ಟರತ್ತ ತಿರುಗಿದಳು. ನಗು ಇಳಿಯಿತು. "ನನ್ನ ಪದ ಸಿಕ್ಕಿತಾ ಮೇಡಂ?"

"ಹುಡುಕ್ತಾ ಇದ್ದೀವಿ."

"ಸಿಕ್ಕಿದ ತಕ್ಷಣ ಹೇಳ್ತೀರಲ್ಲ? ಎಷ್ಟು ಹೊತ್ತಾದ್ರೂ ಪರವಾಗಿಲ್ಲ. ನಿದ್ದೆಯಂತೂ ಬರ್ತಿಲ್ಲ."

ಅವಳು ಹೋದಳು. ಗಾಜಿನ ಆಚೆ ಮತ್ತೆ ತಲೆ ಬಗ್ಗಿಸಿ ಬರೆಯತೊಡಗಿದ್ದು ಕಾಣುತ್ತಿತ್ತು. ಪಕ್ಕದಲ್ಲಿದ್ದ ಲೋಟದ ಮೇಲೆ ಕೆನೆ ಕಟ್ಟಿತ್ತು. ಟೈಪಿಸ್ಟ್ ಏನೋ ಕೇಳಿದರೂ ಅವಳಿಗೆ ಕೇಳಿಸಲಿಲ್ಲ. ಇನ್ಸ್‌ಪೆಕ್ಟರಿಗೆ ಒಳಗೆಲ್ಲೋ ಸಣ್ಣಗೆ ಹೊಟ್ಟೆ ಉರಿಯಿತು. ಹದಿನಾಲ್ಕು ವರ್ಷಗಳಲ್ಲಿ ಯಾವ ಕೇಸಿನಲ್ಲೂ ತಾವು ಹಾಗೆ ಮುಳುಗಿದ್ದು ನೆನಪಿರಲಿಲ್ಲ. ಪ್ರತಿ ಸಲವೂ ಅರ್ಧ ಮನಸ್ಸು ಮನೆಯ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬುದರಲ್ಲಿ ಇರುತ್ತಿತ್ತು.

"ನೋಡಿದ್ರಲ್ಲ," ಎಂದ ರನ್ನಮ್ಮನ ಗಂಡ. ದನಿ ತಗ್ಗಿತ್ತು. "ಪ್ಲೈ ಹೋಯ್ತು."

"ಕೋಪ ಬಂತಾ?"

"ಕೋಪ ಅಲ್ಲ." ಅವನು ಒಮ್ಮೆಲೇ ಮಾತಾಡತೊಡಗಿದ. "ಮಗಳು ಚಿಕ್ಕವಳಿದ್ದಾಗ ಒಂದಿನ ಅವಳ ಮೂಗು ಸೋರ್ತಿತ್ತು. ಇವಳು ಮೂಗು ಒರೆಸೋಕೆ ಮುಂಚೆ ಚೀಟಿ ಬರೆದಳು. ನಲ್ಲಿ ತಿರುಗಿಸಿದ್ರೆ ಪಾತ್ರೆ ತುಂಬಿ ಹೊರಗೆ ಹೋಗ್ತಿದ್ರೂ ಹರಿಯೋ ನೀರನ್ನೇ ನೋಡ್ತಾ ನಿಲ್ತಾಳೆ. ನಮ್ಮತ್ತೆ ಹೆದರಿ ಡಾಕ್ಟರಿಗೆ ತೋರಿಸೋಣ ಅಂದ್ರು. ನಾನು ನಗ್ತಿದ್ದೆ ಮೇಡಂ, ಮೊದಮೊದಲು."

"ಆಮೇಲೆ?"

"ಒಬ್ಬ ಗಂಡಸಿನ ಮೇಲೆ ಅವಳಿಗೆ ಮನಸ್ಸಾಗಿದ್ರೆ ಅವನ ಕತ್ತಿನ ಪಟ್ಟಿ ಹಿಡೀಬಹುದಿತ್ತು. ಪದದ ಕತ್ತು ಎಲ್ಲಿರುತ್ತೆ?"

ತಕ್ಕಡಿ ಕೆಮ್ಮಿದ. ಇನ್ಸ್‌ಪೆಕ್ಟರ್ ಅವನನ್ನು ಒಮ್ಮೆ ನೋಡಿದರು. ಅವನು ಕೆಮ್ಮು ನುಂಗಿಕೊಂಡ.

"ನಾವು ಪದಗಳನ್ನ ಪುಟದ ಲೆಕ್ಕದಲ್ಲಿ ಹೇಳಲ್ಲ," ರನ್ನಮ್ಮನ ಗಂಡ ಮುಂದುವರಿಸಿದ. "ಟ್ರೇನಲ್ಲಿ ಚೀಟಿಗಳನ್ನ ಸಾಲಾಗಿ ನಿಲ್ಲಿಸಿ, ಹಿಂದಿನಿಂದ ಒತ್ತುಹಲಗೆ ತಳ್ಳಿ ಬಿಗಿ ಮಾಡ್ತೀವಿ. ಪಕ್ಕದಲ್ಲಿ ಸ್ಕೇಲ್ ಹಿಡಿದು ಅಳೀತೀವಿ. ಇಂಥ ಪದ ಹತ್ತು ಸೆಂಟಿಮೀಟರು, ಇಂಥದ್ದು ಮೂವತ್ತು. ಅವಳ ರನ್ನನ್ನ ಪ್ರತಿ ಶನಿವಾರ ನಾನೇ ಅಳೀತಿದ್ದೆ. ಅವಳು ಮನೆಗೆ ಹೋದ ಮೇಲೆ, ಯಾರಿಗೂ ಕಾಣದ ಹಾಗೆ."

"ಯಾಕೆ?"

"ಯಾಕೆ ಅಂದ್ರೆ ಏನು ಹೇಳ್ಲಿ? ಬೆಳೀತಾ ಇದೆಯಾ ಅಂತ ನೋಡೋಕೆ. ಒಂದು ವಾರವಾದ್ರೂ ನಿಂತಿರುತ್ತೇನೋ ಅಂತ ಆಸೆ. ನಿಲ್ತಿರಲಿಲ್ಲ. ರನ್ನಿಗೆ ನಾನು ಹುಡುಕಿದ ಸಮಾನಾರ್ಥಕಗಳ ಟ್ರೇ ಎರಡು ವರ್ಷದಿಂದ ಮೂವತ್ತೊಂದರಲ್ಲೇ ಇದೆ. ಅವಳದು ಎಂಬತ್ತೇಳಕ್ಕೆ ಬಂತು."

ಅವನು ಎಂಬತ್ತೇಳು ಎಂದದ್ದು, ಪಕ್ಕದ ಮನೆಯವರ ಸಂಬಳ ಹೇಳುವ ದನಿಯಲ್ಲಿ.

"ಶುಕ್ರವಾರ ಏನಾಯ್ತು?"

"ಬೆಳಿಗ್ಗೆ ಪ್ರೆಸ್ಸಿನಿಂದ ಮೊದಲ ಪ್ರೂಫ್ ಬಂತು. ನಿಘಂಟು ಮುಗಿಯೋಕೆ ಇನ್ನೂ ವರ್ಷಗಳು ಬೇಕು, ಅಷ್ಟರಲ್ಲಿ ರನ್ ಒಂದನ್ನೇ ಬೇರೆ ಪುಸ್ತಕ ಮಾಡಿ ತರೋಣ ಅಂತ ದೊಡ್ಡೋರ ಯೋಚನೆ. ಒಂದು ಪದಕ್ಕೆ ಒಂದು ಪುಸ್ತಕ! ಮುಖಪುಟದಲ್ಲಿ ಅವಳ ಹೆಸರು. ಬರೀ ಅವಳ ಹೆಸರು. ನನ್ನ ಮೂವತ್ತೊಂದು ಸೆಂಟಿಮೀಟರನ್ನ ಕೊನೇಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಹಾಕಿದ್ರು. ಇದ್ಯಾಕೆ ಹೀಗೆ ಅಂತ ಕೇಳಿದೆ. ದೊಡ್ಡೋರು ನನ್ನ ಬೆನ್ನು ತಟ್ಟಿದ್ರು ಮೇಡಂ. ಬೆನ್ನು ತಟ್ಟಿ, 'ಮನೆ ಹೆಸರು ಮನೇಲೇ ಉಳೀತಲ್ಲಪ್ಪ' ಅಂದ್ರು."

ಗಾಜಿನ ಆಚೆ ರನ್ನಮ್ಮ ಒಂದು ಚೀಟಿ ಮುಗಿಸಿ, ಊದಿ, ಶಾಯಿ ಒಣಗಿಸಿ ಪಕ್ಕಕ್ಕಿಟ್ಟಳು. ಅವನು ಅದನ್ನು ನೋಡಿ ಮುಖ ತಿರುಗಿಸಿದ.

"ಐದು ಗಂಟೆಗೆ ಅವರು ಪ್ರೂಫ್ ತಗೊಂಡು ಪ್ರೆಸ್ಸಿಗೆ ಹೋದ್ರು. ನಾನೊಬ್ಬನೇ ಉಳಿದೆ." ಇಲ್ಲಿ ಅವನು ಎರಡೂ ಕೈ ಜೋಡಿಸಿದ. "ಮುಂದಿಂದು ಹೇಳ್ತೀನಿ. ಒಂದೇ ಒಂದು ಬೇಡಿಕೆ. ಲಾಕಪ್ಪಿಗೆ ಹಾಕಿ, ಕೋರ್ಟಿಗೆ ಎಳೀರಿ, ನನಗೆ ಬೇಜಾರಿಲ್ಲ. ಅವಳಿಗೆ ಮಾತ್ರ ಹೇಳ್ಬೇಡಿ."

"ಏನನ್ನ?"

"ಅವಳ ಪದ ತೆಗೆದದ್ದು ನಾನು ಅಂತ. ನಾನು ಬೇರೆ ಹೆಂಗಸಿನ ಹಿಂದೆ ಹೋಗಿದ್ರೆ ಅವಳು ಅತ್ತು, ಬೈದು, ಒಂದಿನ ಕ್ಷಮಿಸಿಯಾಳು. ಇದನ್ನ ಕ್ಷಮಿಸಲ್ಲ. ಇದು ಗೊತ್ತಾದ ದಿನ ಅವಳಿಗೆ ನಾನಿಲ್ಲ."

ಅವನ ಕಣ್ಣಲ್ಲಿ ಪೊಲೀಸರ ಭಯ ಒಂದಿಷ್ಟೂ ಇಲ್ಲದ್ದನ್ನು ಇನ್ಸ್‌ಪೆಕ್ಟರ್ ಗಮನಿಸಿದರು. ಇದ್ದ ಭಯವೆಲ್ಲ ಗಾಜಿನ ಆಚೆಗೆ ಸಂದಾಯವಾಗುತ್ತಿತ್ತು.

"ಮಾತು ಕೊಡೋಕಾಗಲ್ಲ," ಎಂದರು. "ಹೇಳಿ."

"ಅವಳ ಟ್ರೇ ಎತ್ತಿಕೊಂಡು ಹಿತ್ತಲಿಗೆ ಹೋದೆ. ಚೀಟಿ ಸುಡೋ ಜಾಗಕ್ಕೆ. ಬೆಂಕಿಕಡ್ಡಿ ಗೀರಿದೆ. ಮೇಲಿನ ಚೀಟಿ ಓದಿದೆ. 'ಗಡಿಯಾರ ನಡೀತಾ ಇದೆ'. ರನ್ನಿಗೆ ಅವಳು ಬರೆದ ಒಂದು ಅರ್ಥ. ಅಕ್ಷರ ದುಂಡಗೆ ಚೆನ್ನಾಗಿತ್ತು. ಕಡ್ಡಿ ಬೆರಳಿಗೆ ತಾಗಿತು." ಅವನು ಬಲಗೈಯ ಹೆಬ್ಬೆರಳು ತೋರಿಸಿದ. ಒಣಗಿದ ಬೊಬ್ಬೆಯ ಗುರುತಿತ್ತು. "ವಾಪಸ್ ತಂದೆ."

"ಅದು ನನಗೆ ಗೊತ್ತಿತ್ತು."

"ಹೇಗೆ?"

"ಚೀಟೀನ ಮಕಾಡೆ ಬೀಳಿಸೋಕೇ ಆಗದವನು ಬೆಂಕಿ ಹೇಗೆ ಇಡ್ತಾನೆ? ಒಂದು ತೋಳಿಗಿಂತ ಉದ್ದದ ಟ್ರೇ. ಬಸ್ಸಿನಲ್ಲಿ ಹಿಡ್ಕೊಂಡು ಹೋದ್ರೆ ಊರೆಲ್ಲ ನೋಡುತ್ತೆ. ಹಾಗಾಗಿ ಇಲ್ಲೇ ಇದೆ. ನೀವದನ್ನ ಬಚ್ಚಿಟ್ಟಿಲ್ಲ. ಜೋಡಿಸಿಟ್ಟಿದ್ದೀರಿ. ಸರಿ ತಾನೇ? ಎಲ್ಲಿ?"

"ಕೊನೆ ಸಾಲಿನಲ್ಲಿ. ಎಕ್ಸ್ ಅಕ್ಷರದ ಕಪಾಟು. ಆ ಅಕ್ಷರಕ್ಕೆ ಪದಗಳೇ ಇಲ್ಲ, ಅರ್ಧ ಖಾನೆ ಖಾಲಿ. ವರ್ಷಕ್ಕೊಂದು ಸಲಾನೂ ಅಲ್ಲಿಗೆ ಯಾರೂ ಹೋಗಲ್ಲ."

"ದೊಡ್ಡೋರು ಸತ್ತು ಬಿದ್ದಿದ್ದ ಸಾಲು."

"ಹೌದು. ಶನಿವಾರ ಬೆಳಿಗ್ಗೆ ಕೇಳಿದಾಗ ನನ್ನ ಜೀವವೇ ಹಾರಿಹೋಯ್ತು. ಆಣೆ ಮಾಡಿ ಹೇಳ್ತೀನಿ, ನಾನಿದ್ದಾಗ ಅವರು ಪ್ರೆಸ್ಸಿನಿಂದ ಬಂದಿರಲಿಲ್ಲ. ಟ್ರೇ ಮೇಲಿನ ಖಾನೇಲಿಟ್ಟು, ಏಣಿ ಇಳಿದು, ಕಳ್ಳತನದ ಥರ ಕಾಣಲಿ ಅಂತ ಬೇರೆ ಟ್ರೇ ಚೆಲ್ಲಿ, ಐದೂವರೆಗೆ ಬಾಗಿಲು ಹಾಕ್ಕೊಂಡು ಹೋದೆ. ಆರಕ್ಕೆ ಮನೇಲಿದ್ದೆ."

ಡಾಕ್ಟರ ಪ್ರಕಾರ ಸಾವು ಸಂಭವಿಸಿದ್ದು ಆರರಿಂದ ಎಂಟರ ನಡುವೆ. ಪ್ರೆಸ್ಸಿನವರು ದೊಡ್ಡೋರು ಆರು ಗಂಟೆಗೆ ಅಲ್ಲಿಂದ ಹೊರಟರೆಂದು ಹೇಳಿದ್ದರು. ಈ ಮನುಷ್ಯ ಹೇಳುತ್ತಿರುವುದು ನಿಜವಾದರೆ, ಖಾಲಿ ಕಚೇರಿಗೆ ಬಂದ ಮುದುಕರು ಚೆಲ್ಲಾಪಿಲ್ಲಿಯನ್ನು ಕಂಡು ದಿಗಿಲುಬಿದ್ದು, ಏಣಿ ಹತ್ತಿ, ಕಾಲು ಜಾರಿ ಬಿದ್ದಿರಬಹುದು. ಆದರೆ ವರ್ಷಕ್ಕೊಂದು ಸಲವೂ ಯಾರೂ ಹೋಗದ ಸಾಲಿನಲ್ಲಿ ಅವರು ಏಣಿ ಹತ್ತಿದ್ದು ಯಾಕೆ?

"ಬನ್ನಿ, ತೋರಿಸಿ."

ಕೊನೆಯ ಸಾಲಿನ ನೆಲದಲ್ಲಿ ಸೀಮೆಸುಣ್ಣದ ಗೆರೆ ಇನ್ನೂ ಇತ್ತು. ಮೂವರೂ ಅದನ್ನು ಸುತ್ತಿಕೊಂಡು ನಡೆದರು. ರನ್ನಮ್ಮನ ಗಂಡ ಏಣಿ ಹತ್ತಿ, ಮೇಲಿನ ಖಾನೆಯಿಂದ ಟ್ರೇಯನ್ನು ಎರಡೂ ಕೈಯಲ್ಲಿ ಎಳೆದು, ಹಸುಗೂಸನ್ನು ಇಳಿಸುವಂತೆ ತಕ್ಕಡಿಯ ಕೈಗಿಳಿಸಿದ.

"ಅಬ್ಬಾ, ಏನು ಭಾರ ಸಾರ್! ಬರೀ ಓಡೋದಕ್ಕೆ ಇಷ್ಟೊಂದಾ?"

"ಓಡೋದು ಅದರಲ್ಲಿ ಮೂರು ಬೆರಳಿನಷ್ಟು."

ಮೇಜಿನ ಮೇಲಿಟ್ಟರು. ರನ್ ಪದ ಹಾಗೇ ಇತ್ತು. ಅರ್ಥದಿಂದ ಅರ್ಥಕ್ಕೆ ನಡುವೆ ನೀಲಿ ಅಡ್ಡರಟ್ಟು, ಅದರ ಹಿಂದೆ ಚೀಟಿಗಳ ಸಾಲು. ಇನ್ಸ್‌ಪೆಕ್ಟರ್ ಬಾಗಿ ನೋಡಿದರು.

"ಪೂರ್ತಿ ಇದೆಯಾ? ಹಿತ್ತಲಲ್ಲಿ ಒಂದೆರಡು ಉರಿದಿರಬಹುದಲ್ಲ?"

ಆ ಮಾತು ಅವನಿಗೆ ಚುಚ್ಚಿತು. ಕೊಲೆಯ ಆರೋಪಕ್ಕೂ ನೆಟ್ಟಗಾಗದಿದ್ದ ಬೆನ್ನು ಈಗ ನೆಟ್ಟಗಾಯಿತು.

"ಒಂದೂ ಹೋಗಿಲ್ಲ. ಖಾನೇಲಿ ಇಡೋ ಮುಂಚೆ ಒತ್ತುಹಲಗೆ ತಳ್ಳಿ ಅಳೆದೇ ಇಟ್ಟೆ. ಸರಿಯಾಗಿ ಎಂಬತ್ತೇಳು. ನೀವೇ ಅಳೀರಿ. ಈಗಲೇ ಅಳೀರಿ."

ಇನ್ಸ್‌ಪೆಕ್ಟರ್ ಒಂದು ಮೀಟರ್ ಉದ್ದದ ಉಕ್ಕಿನ ಸ್ಕೇಲ್ ತೆಗೆದುಕೊಂಡರು. ಹಲಗೆಯನ್ನು ತಾವೇ ತಳ್ಳಿ ಬಿಗಿ ಮಾಡಿದರು. ಸ್ಕೇಲಿನ ತುದಿಯನ್ನು ಟ್ರೇಯ ಅಂಚಿಗೆ ಆನಿಸಿ, ಕಣ್ಣನ್ನು ಗೆರೆಯ ನೇರಕ್ಕೆ ತಂದು ಓದಿದರು.

ಎರಡನೆಯ ಸಲ ಅಳೆದರು. ಈ ಸಲ ಹಲಗೆಯನ್ನು ಇನ್ನಷ್ಟು ಗಟ್ಟಿಯಾಗಿ ಒತ್ತಿದರು.

"ಕಮ್ಮಿ ಇದೆಯಾ?" ಎಂದ ಅವನು.

"ಇಲ್ಲ."

ಅವನು ಬಾಗಿ ಸ್ಕೇಲ್ ನೋಡಿದ. ನೋಡಿದವನು ಅಲ್ಲೇ ನಿಂತುಬಿಟ್ಟ.

"ತೇವ," ಎಂದ ಆಮೇಲೆ. "ಮೂರು ದಿನ ಮುಚ್ಚಿದ ಕೋಣೆ. ಕಾಗದ ಉಬ್ಬುತ್ತೆ, ಮೇಡಂ. ನಿಮಗೆ ಗೊತ್ತಿರುತ್ತೆ, ನೀವು ಸೈನ್ಸ್ ಓದಿದವರು."

"ಉಬ್ಬುತ್ತೆ. ಉಬ್ಬಿದ್ರೆ ಎಲ್ಲಾ ಕಾಗದಾನೂ ಉಬ್ಬಬೇಕು. ನಿಮ್ಮ ಟ್ರೇ ಯಾವುದು?"

ಎದುರಿನ ಕಪಾಟಿನಿಂದ ತಕ್ಕಡಿ ಸಮಾನಾರ್ಥಕಗಳ ಟ್ರೇ ತಂದ. ಅದೇ ಕಾಗದ, ಅದೇ ಕೋಣೆ, ಅದೇ ಮೂರು ದಿನ. ಇನ್ಸ್‌ಪೆಕ್ಟರ್ ಅದನ್ನು ಅದೇ ಸ್ಕೇಲಿನಿಂದ ಅಳೆದರು. ಎರಡು ವರ್ಷಗಳಿಂದ ಇದ್ದಂತೆಯೇ ಇತ್ತು. ಮೂವತ್ತೊಂದು.

ಅವರು ಮತ್ತೆ ರನ್ ಟ್ರೇಯ ಬಳಿ ಬಂದು, ಕಿಟಕಿಯ ಬೆಳಕಿಗೆ ಅದನ್ನು ಓರೆಯಾಗಿ ತಿರುಗಿಸಿದರು. ಹಳೆಯ ಚೀಟಿಗಳ ಅಂಚು ಕಾಲಕ್ಕೆ ಮಾಸಿ ಹಳದಿಗಟ್ಟಿತ್ತು. ಆ ಹಳದಿಯ ನಡುವೆ ಅಲ್ಲಲ್ಲಿ ಹೊಸ ಚೀಟಿಗಳ ತೆಳುವಾದ ಬಿಳಿ ಗೆರೆಗಳು. ಹರಿಯುವುದರ ಹಿಂದೆ ಎರಡು, ಸೋರುವುದರ ಹಿಂದೆ ನಾಲ್ಕು, ನಡೆಸುವುದರ ಹಿಂದೆ ಒಂದು ದಪ್ಪ ಕಟ್ಟು. ಟ್ರೇಯ ಉದ್ದಕ್ಕೂ ಹಾಗೆಯೇ.

"ಯಾರೋ ತುರುಕಿ ಹೋದದ್ದಲ್ಲ ಇದು," ಎಂದರು ಅವರು ನಿಧಾನವಾಗಿ. "ಒಂದೊಂದನ್ನೂ ಅದರದರ ಅರ್ಥದ ಜಾಗ ನೋಡಿ ಸೇರಿಸಿ, ಟ್ರೇನ ಮತ್ತೆ ಅಲ್ಲೇ ಇಟ್ಟಿದ್ದಾರೆ. ನೀವು ಐದೂವರೆಗೆ ಹೋದ ಮೇಲೆ, ಶನಿವಾರ ಬೆಳಿಗ್ಗೆ ನಾವು ಬಾಗಿಲು ಮುಚ್ಚೋದಕ್ಕೆ ಮುಂಚೆ. ಇಷ್ಟು ಚೀಟಿ ಸರಿಯಾಗಿ ಸೇರಿಸೋಕೆ ಎಷ್ಟು ಹೊತ್ತು ಬೇಕು?"

ಅವನು ಒಂದು ಬಿಳಿ ಅಂಚನ್ನು ಉಗುರಿನಿಂದ ಮುಟ್ಟಿ ನೋಡಿದ.

"ನಿಮಗೆ ಎಷ್ಟು ಹೊತ್ತು ಬೇಕು ಅಂತ ಕೇಳಿದೆ."

"ನನಗೆ ಒಂದು ದಿನ ಬೇಕು. ಅರ್ಥದ ಜಾಗ ಹುಡುಕಬೇಕಲ್ಲ. ಜಾಗ ಗೊತ್ತಿದ್ದವರಿಗೆ ಒಂದೂವರೆ ಗಂಟೆ."

"ಜಾಗ ಯಾರಿಗೆ ಗೊತ್ತು?"

ಗಾಜಿನ ಆಚೆ ರನ್ನಮ್ಮ ತಲೆ ಎತ್ತಿದ್ದಳು. ಮೇಜಿನ ಮೇಲೆ ಟ್ರೇ ಇದ್ದುದು ಅವಳು ಕೂತ ಜಾಗದಿಂದ ಸ್ಪಷ್ಟವಾಗಿ ಕಾಣುತ್ತಿತ್ತು. ಆರು ವರ್ಷದ ಪದ ಸಿಕ್ಕಿದೆ. ಅವಳು ಎದ್ದು ಓಡಿ ಬರಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ಎರಡೂ ಕೈಯನ್ನು ಮೇಜಿನ ಮೇಲಿಟ್ಟುಕೊಂಡು, ಗಂಡನನ್ನೇ ನೋಡುತ್ತಾ ಕುಳಿತಳು.

"ತಪ್ಪು ಅಳತೆ ಇದು," ಅವನು ಇನ್ಸ್‌ಪೆಕ್ಟರ ಕೈ ಹಿಡಿದುಕೊಂಡ. "ಇನ್ನೊಂದು ಸಲ ಅಳೀರಿ ಮೇಡಂ. ದಯವಿಟ್ಟು. ಎಂಬತ್ತೇಳೇ ಇರುತ್ತೆ. ಇನ್ನೂ ಬಿಗಿಯಾಗಿ ಒತ್ತಿ."

ಇನ್ಸ್‌ಪೆಕ್ಟರ್ ಕೈ ಬಿಡಿಸಿಕೊಂಡರು. ಮೂರನೆಯ ಸಲ ಅಳೆದರು. ಅವನಿಗೋಸ್ಕರ ಹಲಗೆಯನ್ನು ಮರ ಕಿರುಗುಟ್ಟುವವರೆಗೂ ಒತ್ತಿದರು.

"ಶುಕ್ರವಾರ ಆರು ಗಂಟೆಗೆ ನೀವು ಮನೆಗೆ ಹೋದಾಗ," ಅವರು ಸ್ಕೇಲಿನಿಂದ ಕಣ್ಣು ತೆಗೆಯದೆ ಕೇಳಿದರು, "ಬಾಗಿಲು ತೆಗೆದದ್ದು ಯಾರು?"

ಹೊರಗೆ ರಸ್ತೆಯಲ್ಲಿ ಲಾರಿಯೊಂದು ಹಾದುಹೋಗಿ ಕಿಟಕಿಯ ಗಾಜು ಅದುರಿತು.

"ನಮ್ಮತ್ತೆ," ಎಂದ ಅವನು.

"ನಿಮ್ಮ ಹೆಂಡತಿ?"

"ಔಷಧಿ ಅಂಗಡಿಗೆ ಹೋಗಿದ್ದಾಳೆ ಅಂದ್ರು. ಎಂಟೂವರೆ ಹೊತ್ತಿಗೆ ಬಂದಳು. ಯಾಕೆ ಇಷ್ಟು ಹೊತ್ತು ಅಂತ ನಾನು ಕೇಳಲಿಲ್ಲ. ಆ ಪದದ ಮಾತು ಬರುತ್ತೇನೋ ಅಂತ... ನಾನವತ್ತು ಅವಳ ಮುಖ ನೋಡೋ ಸ್ಥಿತೀಲಿರಲಿಲ್ಲ."

ತಕ್ಕಡಿ ಪಂಚನಾಮೆಯ ಹಾಳೆ ತೆಗೆದು, ಪೆನ್ನು ಹಿಡಿದು ಕಾದಿದ್ದ. ಮೊದಲ ಬಾರಿಗೆ ಅವನಿಗೆ ಆ ಕಡೆಗೂ ಈ ಕಡೆಗೂ ಹೇಳಲು ಏನೂ ತೋಚಲಿಲ್ಲ.

"ಎಷ್ಟು ಅಂತ ಬರೀಲಿ, ಮೇಡಂ?"

ಗಾಜಿನ ಆಚೆಯ ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ಇನ್ಸ್‌ಪೆಕ್ಟರ್ ಸ್ಕೇಲನ್ನು ಟ್ರೇಯಿಂದ ತೆಗೆದರು.

"ಎಂಬತ್ತೊಂಬತ್ತು ಸೆಂಟಿಮೀಟರ್, ನಾಲ್ಕು ಮಿಲಿಮೀಟರ್."